ಪ್ಯಾಡ್ ಸವೆದಿತ್ತು, ತುಕ್ಕು ತರಿಸಿದ್ದು ನಾನೇ: ಒಂದು ಸೈಡ್ ಸ್ಟೆಪ್ಪಿನ ಪ್ರಕರಣ

ಅಣ್ಣ ಪಿಕಪ್‌ನಿಂದ ಇಳಿಯುವಾಗ ಜಾರಿದ. ಆಗಷ್ಟೇ ಮಳೆ ನಿಂತಿತ್ತು, ಕೈಯಲ್ಲಿ ಒಂದು ಪೆಟ್ಟಿಗೆ ಇತ್ತು. ಹಿಮ್ಮಡಿ ಬಾಗಿಲ ಕೆಳಗೆ ಹತ್ತಿ ಇಳಿಯಲು ಇರುವ ಸೈಡ್ ಸ್ಟೆಪ್ಪಿನ ಪ್ಯಾಡ್ ಮೇಲೆ ಊರಿತು, ಊರಿದ್ದೇ ಹೊರಕ್ಕೆ ಜಾರಿತು. ಮೊಣಕಾಲಿನ ಕೆಳಗೆ, ಮೂಳೆಯ ಮೇಲೆಯೇ ಗೇಣುದ್ದ ಚರ್ಮ ತರಚಿತು. ಪುಣ್ಯಕ್ಕೆ ಅಷ್ಟೇ. ಎದ್ದು ನಿಂತವನು ಮೊದಲು ಕಾಲು ನೋಡಿಕೊಳ್ಳಲಿಲ್ಲ, ಪ್ಯಾಡ್ ಮೇಲೆ ಬೆರಳು ಸವರಿದ. "ಏನೋ ಹಚ್ಚಿದ್ದೀಯ ಇದಕ್ಕೆ? ಎಣ್ಣೆ ಸುರಿದ ಹಾಗಿದೆಯಲ್ಲೋ."

ಹಚ್ಚಿದ್ದು ನಿಜ. ಎರಡು ವಾರದ ಹಿಂದೆ ಗಾಡಿ ತೊಳೆದಾಗ ಪ್ಯಾಡ್‌ಗಳು ಬಿಸಿಲಿಗೆ ಬೆಳ್ಳಗಾಗಿ, ಸೀಮೆಸುಣ್ಣ ಬಳಿದಂತೆ ಕಾಣುತ್ತಿದ್ದವು. ಟೈರ್ ಪಾಲಿಶ್ ಉಳಿದಿತ್ತು, ಅದನ್ನೇ ಬಟ್ಟೆಗೆ ಹಾಕಿ ಒರೆಸಿದ್ದೆ. ಕಪ್ಪಗೆ ಮಿಂಚಿದವು, ನನಗೂ ಖುಷಿಯಾಗಿತ್ತು. ಅಂಥ ಪಾಲಿಶ್‌ಗಳಲ್ಲಿ ಹೆಚ್ಚಿನವು ಸಿಲಿಕಾನ್ ಎಣ್ಣೆಯವು. ಹೊಳಪಿನ ಜೊತೆಗೆ ಜಾರುವ ಗುಣವನ್ನೂ ಕೊಡುತ್ತವೆ. ಕಾಲಿಡುವ ಜಾಗಕ್ಕೆ ಅದನ್ನು ಹಚ್ಚಲೇಬಾರದು ಅನ್ನುವುದು ಅಣ್ಣನ ಕಾಲು ತರಚಿದ ಮೇಲೆ ನನ್ನ ತಲೆಗೆ ಹೋಯಿತು.

ಆದರೆ ಪಾಲಿಶ್ ಒರೆಸಿ ತೆಗೆದರೂ ಆ ಒಂದು ಪ್ಯಾಡ್ ಸರಿಯಾಗುವಂತಿರಲಿಲ್ಲ. ಹತ್ತಿರದಿಂದ ನೋಡಿದರೆ ಗೆರೆಗೆರೆಯಾಗಿ ಎದ್ದಿರಬೇಕಾದ ಹಿಡಿತ ನಡುವಿನಲ್ಲಿ ಪೂರ್ತಿ ಸವೆದು, ಅಂಗೈಯಗಲ ನುಣ್ಣಗಾಗಿತ್ತು. ಡ್ರೈವರ್ ಬದಿಯ ಮುಂದಿನ ಪ್ಯಾಡ್ ಅದು. ನಾಲ್ಕರಲ್ಲಿ ಅದೇ ಯಾಕೆ ಮೊದಲು ಸವೆಯಿತು ಅನ್ನುವುದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ದಿನಕ್ಕೆ ಹತ್ತಾರು ಸಲ ಹತ್ತಿ ಇಳಿಯುವುದು ಅಲ್ಲೇ. ಇಳಿಯುವಾಗ ಪಾದ ಸುಮ್ನೆ ಊರುವುದಿಲ್ಲ, ಊರಿದಲ್ಲೇ ತಿರುಗುತ್ತದೆ. ಶೂ ಅಡಿಯಲ್ಲಿ ಮರಳು ಇದ್ದರೆ ಪ್ರತಿ ತಿರುವಿಗೂ ಎಮರಿ ಪೇಪರ್ ಉಜ್ಜಿದಂತೆ.

ಸವೆತಕ್ಕಿಂತ ವಿಚಿತ್ರವಾದ ಇನ್ನೊಂದು ವಿಷಯ ಇತ್ತು. ಪ್ಯಾಡಿನ ಮುಂದಿನ ತುದಿ ಉಬ್ಬಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಕರಕರ ಅನ್ನುತ್ತಿತ್ತು, ಕೆಳಗೆ ಒಣಗಿದ ಎಲೆ ಸಿಕ್ಕಿಕೊಂಡ ಹಾಗೆ. ಪ್ಲಾಸ್ಟಿಕ್ ಬಿಸಿಲಿಗೆ ಊದಿಕೊಂಡಿದೆ ಅಂದುಕೊಂಡೆ. ತಪ್ಪು ಊಹೆ.

ಮೊದಲು ಸ್ಟೆಪ್ಪಿನ ರಚನೆ ಹೇಳಿಬಿಡುತ್ತೇನೆ. ನಮ್ಮದು 4 ಇಂಚು ಅಗಲದ, ಮೊಟ್ಟೆಯಾಕಾರದ ಕಬ್ಬಿಣದ ಪೈಪು. ಮೇಲೆ ಕಪ್ಪು ಪೌಡರ್ ಕೋಟಿಂಗ್. ಬದಿಗೊಂದು ಪೈಪು, ಪೈಪಿಗೆ ಮೂರು ಬ್ರ್ಯಾಕೆಟ್, ಎರಡು ಪ್ಯಾಡ್. ಪ್ಯಾಡಿನ ಅಡಿಯಲ್ಲಿ ಮೂರು ಜೊತೆ ಪ್ಲಾಸ್ಟಿಕ್ ಕಾಲುಗಳಿವೆ. ಒಂದೊಂದು ಕಾಲಿನ ತುದಿಯಲ್ಲೂ ಕೊಕ್ಕೆ. ಪೈಪಿನ ತೂತಿಗೆ ಒತ್ತಿದರೆ ಕೊಕ್ಕೆ ಒಳಗೆ ಅರಳಿ ತೂತಿನ ಅಂಚಿಗೆ ಕಚ್ಚಿಕೊಳ್ಳುತ್ತದೆ. ಸ್ಕ್ರೂ ಇಲ್ಲ, ಅಂಟು ಇಲ್ಲ. ಬೇರೆ ಗಾಡಿಗಳಲ್ಲಿ ಸ್ಕ್ರೂ ಹಾಕಿದ್ದೂ ಇದೆ, ಒಳಗಿನಿಂದ ಸ್ಪ್ರಿಂಗ್ ಕ್ಲಿಪ್ ತೊಡಿಸಿದ್ದೂ ಇದೆ. ಪ್ಯಾಡ್ ಕೊಳ್ಳುವ ಮೊದಲು ನಿಮ್ಮದು ಯಾವ ಜಾತಿ ಅಂತ ನೋಡಿಕೊಳ್ಳಿ.

ಈಗ ನನ್ನ ಇನ್ನೊಂದು ಘನಕಾರ್ಯ. ಒಂದೂವರೆ ವರ್ಷದ ಹಿಂದೆ ಇದೇ ಪ್ಯಾಡಿನ ಮುಂದಿನ ತುದಿ ಸ್ವಲ್ಪ ಎದ್ದು, ಕಾಲಿಟ್ಟರೆ ಟಪಟಪ ಅನ್ನುತ್ತಿತ್ತು. ಆಗ ಬಚ್ಚಲುಮನೆಗೆ ಬಳಸಿ ಉಳಿದಿದ್ದ ಸಿಲಿಕಾನ್ ಸೀಲಂಟ್ ತಂದು ಪ್ಯಾಡಿನ ಸುತ್ತ ಅಂಚಿಗೆ ಎಳೆದು, ಬೆರಳಿಂದ ಒತ್ತಿ, ನೀಟಾಗಿ ಮುಚ್ಚಿದ್ದೆ. ನೀರು ಒಳಗೆ ಹೋಗಬಾರದು ಅನ್ನುವುದು ನನ್ನ ಲೆಕ್ಕ. ಸದ್ದು ನಿಂತಿತು. ಮೇಲೆ ಥಳುಕು, ಒಳಗೆ ಹುಳುಕು ಅನ್ನುವ ಮಾತಿಗೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಬಿಚ್ಚಿದಾಗ ಕಂಡದ್ದು

ಗಾಡಿಯಲ್ಲೇ ಪ್ಯಾಡ್ ತೆಗೆಯಬಹುದಿತ್ತು. ಆದರೂ ಪೈಪನ್ನೇ ಕಳಚಿದೆ. ಬ್ರ್ಯಾಕೆಟ್‌ಗಳನ್ನು ಗಾಡಿಯಲ್ಲೇ ಬಿಟ್ಟು, ಪೈಪು ಹಿಡಿದಿದ್ದ ಆರು ಬೋಲ್ಟು ಬಿಚ್ಚಿದರೆ ಸಾಕು. ಎಲ್ಲಾ 13ರ ಸ್ಪ್ಯಾನರ್‌ನವು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಬಿಟ್ಟಿದ್ದರಿಂದ ಒಂದೂ ಮುರಿಯಲಿಲ್ಲ. ಪೈಪನ್ನು ಎರಡು ಹಳೇ ಟೈರುಗಳ ಮೇಲೆ ಮಲಗಿಸಿದೆ. ಎತ್ತುವಾಗ ಒಳಗೆ ನೀರು ಕುಲುಕಿದ ಸದ್ದು ಕೇಳಿತು. ಮಳೆ ಬಂದು ಆಗಲೇ ಐದು ದಿನ ಆಗಿತ್ತು.

ಪ್ಯಾಡಿನ ಅಂಚಿನಲ್ಲಿ ಸಿಲಿಕಾನ್ ಗಟ್ಟಿಯಾಗಿ ನಿಂತಂತೆ ಕಂಡರೂ ಉಗುರು ಹಾಕಿದರೆ ಪ್ಲಾಸ್ಟಿಕ್ ಕಡೆಯಿಂದ ಸಲೀಸಾಗಿ ಬಿಟ್ಟುಕೊಂಡಿತು. ಪೈಪಿನ ಕಡೆ ಮಾತ್ರ ಕಚ್ಚಿಕೊಂಡಿತ್ತು. ಅಗಲವಾದ ಪಟ್ಟಿಯಂಥ ಪುಟ್ಟಿ ಚಾಕುವಿಗೆ ಟೇಪ್ ಸುತ್ತಿ, ಪ್ಯಾಡಿನ ಅಡಿಗೆ ತೂರಿಸಿ ಮೀಟಿದೆ. ಎಸೆಯುವ ಪ್ಯಾಡ್ ಅಲ್ವಾ, ಕಾಲುಗಳನ್ನು ಉಳಿಸುವ ಚಿಂತೆ ಇರಲಿಲ್ಲ. ಆರರಲ್ಲಿ ನಾಲ್ಕು ಮುರಿದು ಪೈಪಿನೊಳಗೆ ಬಿದ್ದವು. ಉಳಿದ ಎರಡು ನಾನು ಮುಟ್ಟುವ ಮೊದಲೇ ಮುರಿದಿದ್ದವು.

ಪ್ಯಾಡ್ ಎತ್ತಿದಾಗ ಒಂದು ಹಾಳೆ ತುಕ್ಕು ಅದರ ಜೊತೆಗೇ ಎದ್ದು ಬಂತು. ಹಾಳೆ ಅಂದರೆ ಹಾಳೆಯೇ: ಪದರ ಪದರವಾಗಿ, ಒದ್ದೆಯಾಗಿ, ಮುರಿದರೆ ಒಳಗೆ ಕಪ್ಪು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಎಷ್ಟೋ ಪಟ್ಟು ಜಾಗ ಬೇಡುತ್ತದೆ. ಆ ತುಕ್ಕೇ ಪ್ಯಾಡನ್ನು ಕೆಳಗಿನಿಂದ ಎತ್ತಿತ್ತು. ಉಬ್ಬಿದ್ದು ಪ್ಲಾಸ್ಟಿಕ್ ಅಲ್ಲ. ಕರಕರ ಅಂದದ್ದೂ ಅದೇ.

ಪ್ಯಾಡ್ ಮಗುಚಿದರೆ ಅಡಿಯಲ್ಲಿ ಪಿಪಿ ಅಂತ ಅಚ್ಚಾಗಿತ್ತು. ಪಾಲಿಪ್ರೊಪಿಲೀನ್. ಸಾಮಾನ್ಯವಾದ ಯಾವ ಅಂಟೂ ಸರಿಯಾಗಿ ಹಿಡಿಯದ ಪ್ಲಾಸ್ಟಿಕ್ ಅದು. ಸಿಲಿಕಾನ್ ಅಲ್ಲಿ ಕೈಕೊಟ್ಟದ್ದು ಅದಕ್ಕೇ. ಕೂದಲೆಳೆಯಷ್ಟು ಸಂದು ಬಿಟ್ಟಿತು. ಅಂಥ ಸಂದಿಯೊಳಗೆ ನೀರು ತಾನಾಗಿಯೇ ಎಳೆದುಕೊಂಡು ಹೋಗುತ್ತದೆ, ಎಣ್ಣೆ ಬತ್ತಿಗೆ ಏರುವ ಹಾಗೆ. ಆದರೆ ಹೊರಗೆ ಬರಲು ಗಾಳಿ ಆಡಬೇಕು. ಸುತ್ತಲೂ ಮುಚ್ಚಿದ ಮೇಲೆ ಗಾಳಿ ಎಲ್ಲಿಂದ ಬರಬೇಕು? ನೀರನ್ನು ಹೊರಗಿಡಲು ಹೋಗಿ ಒಳಗೇ ಕೂಡಿಹಾಕಿದ್ದೆ.

ಇನ್ನೊಂದು ಸೂಕ್ಷ್ಮ ಇದೆ. ಬಚ್ಚಲಿಗೆ ಬಳಸುವ ಸಿಲಿಕಾನ್‌ಗಳಲ್ಲಿ ಹಲವು ಒಣಗುವಾಗ ವಿನಿಗರ್ ವಾಸನೆ ಬರುತ್ತದೆ. ಅಸೆಟಿಕ್ ಆಮ್ಲ ಬಿಡುಗಡೆಯಾಗುವುದರಿಂದ ಬರುವ ವಾಸನೆ. ಬರಿಯ ಕಬ್ಬಿಣಕ್ಕೆ ಅದು ಆಗಿಬರುವುದಿಲ್ಲ. ನಮ್ಮ ಪೈಪಿನಲ್ಲಿ ಕೊಕ್ಕೆಗಳು ಉಜ್ಜಿ ಉಜ್ಜಿ ತೂತಿನ ಅಂಚಿನ ಬಣ್ಣ ಮೊದಲೇ ಹೋಗಿತ್ತು. ನಾನು ಅಲ್ಲಿಗೇ ಸೀಲಂಟ್ ತುರುಕಿದ್ದೆ.

ಪೈಪಿನ ತುದಿಯ ಪ್ಲಾಸ್ಟಿಕ್ ಮುಚ್ಚಳ ಕಿತ್ತು ಓರೆ ಮಾಡಿದಾಗ ಸುಮಾರು ಒಂದು ಲೋಟ ಕಂದು ನೀರು, ಮುರಿದ ಕಾಲುಗಳು, ಮರಳು ಹೊರಬಿದ್ದವು. ನೀರು ಇಳಿಯಲು ಪೈಪಿನ ತಳದಲ್ಲಿ ಎರಡು ಸಣ್ಣ ತೂತುಗಳಿವೆ. ಒಂದರಲ್ಲಿ ಕೆಸರು ಗಟ್ಟಿಯಾಗಿತ್ತು. ಇನ್ನೊಂದನ್ನು ಕಣಜ ಮಣ್ಣಿನಿಂದ ಮುಚ್ಚಿ ಗೂಡು ಮಾಡಿತ್ತು. ಒಳ್ಳೆ ಕೆಲಸಗಾರ, ತಂತಿ ಹಾಕಿ ತಿವಿದರೂ ಬೇಗ ಒಡೆಯಲಿಲ್ಲ.

ತಪ್ಪೆಲ್ಲ ಸಿಲಿಕಾನ್ ಮೇಲೆ ಹೊರಿಸುವ ಮೊದಲು ಒಂದು ಪರೀಕ್ಷೆ ಬೇಕು ಅನ್ನಿಸಿತು. ಮುಂದಿನ ಟೈರು ಕೆಸರು ನೀರನ್ನು ಎರಚುವುದು ಮುಂದಿನ ಪ್ಯಾಡುಗಳ ಮೇಲೇ. ಹಾಗಾದರೆ ತುಕ್ಕಿಗೆ ಅದೂ ಕಾರಣ ಇರಬಹುದಲ್ಲ? ಆದ್ದರಿಂದ ಆಚೆ ಬದಿಯ ಮುಂದಿನ ಪ್ಯಾಡನ್ನೂ ಎತ್ತಿ ನೋಡಿದೆ. ಅದೇ ವಯಸ್ಸು, ಅದೇ ಎರಚಲು, ಸಿಲಿಕಾನ್ ಮಾತ್ರ ಇಲ್ಲ. ಅಡಿಯಲ್ಲಿ ನುಣ್ಣನೆ ಧೂಳು, ಎರಡು ತೂತಿನ ಅಂಚಿನಲ್ಲಿ ತೆಳ್ಳಗೆ ಕೆಂಪು ಗೆರೆ. ಅಷ್ಟೇ. ಬಟ್ಟೆಯಲ್ಲಿ ಒರೆಸಿದರೆ ಕಪ್ಪು ಕೋಟಿಂಗ್ ಹೊಸದರಂತೆ ಕಂಡಿತು. ಆ ಪೈಪಿನ ತಳದ ತೂತುಗಳು ತೆರೆದೇ ಇದ್ದವು ಅನ್ನುವುದನ್ನೂ ಹೇಳಬೇಕು. ಹಾಗಾಗಿ ಪೈಪಿನೊಳಗೆ ನಿಂತ ನೀರಿಗೆ ಕಣಜವೂ ಪಾಲುದಾರ. ಆದರೆ ಪ್ಯಾಡಿನ ನೇರ ಕೆಳಗೆ, ಸೀಲಂಟ್ ಎಳೆದ ಗೆರೆಯುದ್ದಕ್ಕೂ ತುಕ್ಕು ಎದ್ದದ್ದು ನನ್ನ ಲೆಕ್ಕಕ್ಕೇ ಸೇರಬೇಕು.

ಪೈಪು ಉಳಿಯುತ್ತದಾ?

ಪ್ಯಾಡ್ ಬದಲಿಸುವುದಕ್ಕಿಂತ ಮೊದಲು ಉತ್ತರ ಬೇಕಾದ ಪ್ರಶ್ನೆ ಇದು. ಸ್ಕ್ರೂಡ್ರೈವರ್ ತುದಿಯಿಂದ ತುಕ್ಕಿನ ಮೇಲೆಲ್ಲ ಜೋರಾಗಿ ಚುಚ್ಚಿದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಬಂದೆ. ಗಟ್ಟಿ ಇದ್ದಲ್ಲಿ ಠಣ್ ಅನ್ನುತ್ತದೆ, ಸವೆದಲ್ಲಿ ಸದ್ದು ಮಂಕಾಗುತ್ತದೆ. ಮುಂದಿನ ಜೊತೆಯ ಹೊರಗಿನ ತೂತಿನ ಅಂಚು ಮಾತ್ರ ಪುಡಿಯಾಗಿ ಉದುರಿತು. ಉಳಿದ ಐದು ತೂತು ಗಟ್ಟಿ. ಬ್ರ್ಯಾಕೆಟ್ ಕೂರುವ ಜಾಗಗಳು, ಬೆಸುಗೆಗಳು ಶುಭ್ರ. ತುಕ್ಕು ಬ್ರ್ಯಾಕೆಟ್ ಹತ್ತಿರ ಇದ್ದಿದ್ದರೆ ನಾನು ಇಡೀ ಸ್ಟೆಪ್ ಬದಲಿಸುತ್ತಿದ್ದೆ, ಎರಡು ಮಾತಿಲ್ಲ. ಒಬ್ಬ ಮನುಷ್ಯನ ಪೂರ್ತಿ ಭಾರ ಒಂದೇ ಕಾಲಿನಲ್ಲಿ, ಅದೂ ಜಿಗಿತದ ಜೊತೆ, ಅಲ್ಲಿಗೆ ಬೀಳುತ್ತದೆ.

ಸಿಲಿಕಾನ್ ತೆಗೆಯುವುದು ಇಡೀ ಕೆಲಸದಲ್ಲಿ ಅತಿ ಬೇಸರದ ಭಾಗ. ಬ್ಲೇಡಿನಿಂದ ಕೆರೆದು, ಜಿಡ್ಡು ತೆಗೆಯುವ ದ್ರಾವಣದಲ್ಲಿ ಬಟ್ಟೆ ಬದಲಿಸುತ್ತಾ ಒರೆಸಬೇಕು. ಇದನ್ನು ಎಮರಿ ಹಾಕುವ ಮೊದಲೇ ಮಾಡಬೇಕು. ಉಳಿದ ಸಿಲಿಕಾನ್ ಮೇಲೆ ಎಮರಿ ಉಜ್ಜಿದರೆ ಅದು ಗೀರುಗಳ ಒಳಗೆ ಸೇರುತ್ತದೆ, ಆಮೇಲೆ ಹಚ್ಚಿದ ಬಣ್ಣ ಅಲ್ಲಲ್ಲಿ ಮೀನಿನ ಕಣ್ಣಿನಂತೆ ದುಂಡಗೆ ಬಿಟ್ಟುಕೊಳ್ಳುತ್ತದೆ. ಹೋಗಿದೆಯೋ ಇಲ್ಲವೋ ತಿಳಿಯಲು ನೀರು ಚಿಮುಕಿಸಿ ನೋಡಿದೆ. ಮೊದಲ ಸಲ ಹನಿಗಳು ಕೆಸುವಿನ ಎಲೆಯ ಮೇಲಿನಂತೆ ಉರುಳಿ ಹೋದವು. ಮೂರನೇ ಸಲ ತೊಳೆದ ಮೇಲೆ ನೀರು ತೆಳ್ಳಗೆ ಹರಡಿ ನಿಂತಿತು. ಆಗ ಎಮರಿ ಎತ್ತಿಕೊಂಡೆ.

ಮುಂದಿನದು ಎಲ್ಲರಿಗೂ ಗೊತ್ತಿರುವ ಕೆಲಸ. ವೈರ್ ಬ್ರಶ್, 80ರ ಎಮರಿ, ಸುತ್ತಲಿನ ಕೋಟಿಂಗ್ ಅಂಚು ಬೆರಳಿಗೆ ಸಿಗದಷ್ಟು ನಯ ಮಾಡುವುದು, ಗುಂಡಿಗಳಲ್ಲಿ ಉಳಿದ ತುಕ್ಕಿಗೆ ಅದನ್ನು ಗಟ್ಟಿ ಕಪ್ಪು ಪದರವಾಗಿಸುವ ರಸ್ಟ್ ಕನ್ವರ್ಟರ್, ಅದು ಕಪ್ಪಾದ ಮೇಲೆ ಝಿಂಕ್ ಪ್ರೈಮರ್, ಎರಡು ಕೋಟ್ ಕಪ್ಪು ಬಣ್ಣ. ತೂತುಗಳ ಅಂಚಿಗೆ ಸಣ್ಣ ಬ್ರಶ್ಶಿನಿಂದ ಪ್ರತ್ಯೇಕವಾಗಿ ಹಚ್ಚಿದೆ, ಸ್ಪ್ರೇ ಅಲ್ಲಿ ಸರಿಯಾಗಿ ತಲುಪುವುದಿಲ್ಲ. ಬಣ್ಣ ಒಣಗಿದ ಮೇಲೆ ಪೈಪಿನೊಳಗೆ ಉದ್ದ ನಳಿಕೆಯಿಂದ ತುಕ್ಕು ತಡೆಯುವ ಮೇಣ ಸಿಂಪಡಿಸಿದೆ. ತಳದ ತೂತುಗಳನ್ನು ಮೇಣ ಮುಚ್ಚದಂತೆ ತಂತಿ ಆಡಿಸಿ ತೆರವು ಮಾಡಿದೆ.

ಏಳು ಮಿಲಿಮೀಟರ್

ಬಣ್ಣ ಒಣಗುತ್ತಿರುವಾಗ ಹೊಸ ಪ್ಯಾಡ್ ಬಂತು. 4 ಇಂಚಿನ ಪೈಪಿಗೆ ಸರಿಹೊಂದುತ್ತದೆ ಅಂತ ಬರೆದಿತ್ತು. ಹಳೆಯದರ ಪಕ್ಕ ಇಟ್ಟರೆ ಉದ್ದ ಒಂದೇ, 460 ಮಿ.ಮೀ. ಅಗಲ ಒಂದೇ. ಒತ್ತಲು ಹೋದರೆ ಮುಂದಿನ ಜೊತೆ ಕೂತಿತು, ಹಿಂದಿನ ಜೊತೆ ತೂತಿನ ಅಂಚಿಗೆ ತಾಗಿ ನಿಂತಿತು. ಅಳೆದೆ. ಪೈಪಿನಲ್ಲಿ ಮೊದಲ ತೂತಿನ ನಡುವಿನಿಂದ ಕೊನೆಯ ತೂತಿನ ನಡುವಿಗೆ 405. ಪ್ಯಾಡಿನಲ್ಲಿ ಕಾಲಿನಿಂದ ಕಾಲಿಗೆ 398. ಹೊರಗಿನ ಉದ್ದ ನೋಡಿ ತರಿಸಿದ್ದೆ. ಪ್ಯಾಡನ್ನು ಹಿಡಿಯುವುದು ಹೊರ ಉದ್ದ ಅಲ್ಲ, ಕಾಲುಗಳು.

ಕಾಲು ಕತ್ತರಿಸಿ ಎರಡು ಬದಿಯ ಟೇಪ್ ಹಾಕಿ ಅಂಟಿಸಿಬಿಡೋಣ ಅಂತ ಅಣ್ಣ ಸೂಚಿಸಿದ. ಆಸೆ ನನಗೂ ಆಯಿತು. ಆದರೆ ಪಾಲಿಪ್ರೊಪಿಲೀನ್‌ಗೆ ಅಂಟು ಹಿಡಿಯದ ಕಥೆ ಈಗಷ್ಟೇ ನೋಡಿದ್ದೆ. ಜೊತೆಗೆ ಬಿಸಿಲಿನ ಲೆಕ್ಕವೂ ಇದೆ. ಇಷ್ಟುದ್ದದ ಪಾಲಿಪ್ರೊಪಿಲೀನ್ ಪಟ್ಟಿ 40 ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು 2 ಮಿ.ಮೀ. ಬೆಳೆಯುತ್ತದೆ. ಅದೇ ಉದ್ದದ ಕಬ್ಬಿಣ ಬೆಳೆಯುವುದು 0.2 ಮಿ.ಮೀ. ಮಾತ್ರ. ಮುಂಜಾನೆಯ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ಕಪ್ಪು ಪ್ಯಾಡಿನಲ್ಲಿ ಅಷ್ಟು ವ್ಯತ್ಯಾಸ ದೊಡ್ಡದೇನಲ್ಲ. ಪೈಪನ್ನು ಗಮನಿಸಿ ನೋಡಿದರೆ ಮಾಡಿದವರಿಗೆ ಇದು ಗೊತ್ತಿತ್ತು: ನಡುವಿನ ಜೊತೆ ತೂತು ಕಾಲಿಗೆ ಬಿಗಿ, ಎರಡು ತುದಿಯ ತೂತುಗಳು ಉದ್ದನೆಯವು. ನಡುವೆ ಹಿಡಿದುಕೊಂಡು ತುದಿಗಳು ಆಚೀಚೆ ಸರಿಯಲಿ ಅಂತ. ನನ್ನ ಸಿಲಿಕಾನ್ ಆ ಸರಿದಾಟವನ್ನೂ ತಡೆದಿತ್ತು. ಮೊದಲ ಎರಡು ಕಾಲು ಮುರಿದದ್ದರಲ್ಲಿ ಅದರ ಕೈವಾಡ ಇಲ್ಲ ಅಂತ ನಾನು ಹೇಳಲಾರೆ.

ಪ್ಯಾಡ್ ವಾಪಸ್ ಹೋಯಿತು. ಈ ಸಲ ಸ್ಕೇಲ್ ನಂಬಲಿಲ್ಲ. ಪೈಪಿನ ಮೇಲೆ ಉದ್ದ ಕಾಗದ ಬಿಗಿಯಾಗಿ ಸುತ್ತಿ, ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿದೆ. ಚಿಕ್ಕವರಿದ್ದಾಗ ನಾಣ್ಯದ ಮೇಲೆ ಕಾಗದ ಇಟ್ಟು ಉಜ್ಜುತ್ತಿದ್ದೆವಲ್ಲ, ಹಾಗೆ. ಆರೂ ತೂತು ಅಂಚು ಸಮೇತ ಮೂಡಿದವು. ಹಳೇ ಪ್ಯಾಡಿನ ಅಡಿಯಲ್ಲಿ ಅಚ್ಚಾಗಿದ್ದ ಪಾರ್ಟ್ ನಂಬರನ್ನು ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ಓದಿ, ಆ ನಂಬರ್ ಮತ್ತು ಕಾಗದದ ಅಳತೆ ಎರಡನ್ನೂ ಹೊಂದಿಸಿ ತರಿಸಿದೆ. ನಂಬರಿನ ಕೊನೆಯಲ್ಲಿ ಎಲ್ ಅಥವಾ ಆರ್ ಇರುತ್ತದೆ, ಎಡ ಬಲ ಬೇರೆ ಬೇರೆ. ಅದನ್ನು ಬಿಟ್ಟರೆ ಮತ್ತೆ ವಾಪಸ್ ಕಳಿಸುವ ಯೋಗ.

ಕೂರಿಸಿದ್ದು

ಅಂಚು ಉದುರಿದ ಆರನೇ ತೂತಿಗೆ ಕೊಕ್ಕೆ ಕಚ್ಚುವಂತಿರಲಿಲ್ಲ. ಅದರ ಪಕ್ಕ ಗಟ್ಟಿ ಲೋಹದಲ್ಲಿ 7 ಮಿ.ಮೀ. ತೂತು ಕೊರೆದು, ಅಂಚಿಗೆ ಬಣ್ಣ ಹಚ್ಚಿ, ಎಂ5 (5 ಮಿ.ಮೀ. ಸ್ಕ್ರೂಗೆ ಹೊಂದುವ) ರಿವೆಟ್ ನಟ್ ಕೂರಿಸಿದೆ. ಒಂದೇ ಕಡೆಯಿಂದ ಎಳೆದು ಕೂರಿಸುವ ಈ ನಟ್ಟು ಪೈಪಿಗೆ ಹೇಳಿ ಮಾಡಿಸಿದ್ದು, ಒಳಗೆ ಕೈ ಹೋಗಬೇಕಿಲ್ಲ. ಪ್ಯಾಡಿನಲ್ಲಿ ಅದೇ ಜಾಗಕ್ಕೆ 9 ಮಿ.ಮೀ. ತೂತು ಮಾಡಿದೆ, ಸರಿದಾಡಲು ಜಾಗ ಇರಲಿ ಅಂತ. ಮೇಲೆ ಅಗಲ ವಾಷರ್, ಚಪ್ಪಟೆ ತಲೆಯ ಸ್ಟೀಲ್ ಸ್ಕ್ರೂ. ಸ್ಕ್ರೂ ತಲೆ ಹಿಡಿತದ ಗೆರೆಗಳಿಗಿಂತ ಕೆಳಗೇ ಇರಬೇಕು, ಇಲ್ಲದಿದ್ದರೆ ಶೂ ಅಲ್ಲೇ ಜಾರುತ್ತದೆ. ವಾಷರ್ ಬೆರಳಲ್ಲಿ ತಿರುಗುವುದು ನಿಂತ ಕೂಡಲೇ ಬಿಗಿಯುವುದನ್ನೂ ನಿಲ್ಲಿಸಿದೆ.

ಹೊಸ ಪ್ಯಾಡನ್ನು ಒಂದು ತಾಸು ಬಿಸಿಲಲ್ಲಿ ಇಟ್ಟಿದ್ದೆ. ತಣ್ಣಗಿದ್ದರೆ ಕೊಕ್ಕೆ ಬಗ್ಗುವ ಬದಲು ಲಟಕ್ ಅಂತ ಮುರಿಯುತ್ತದೆ. ಬಿಸಿಲಿಲ್ಲದ ದಿನ ಬಿಸಿನೀರಿನಲ್ಲಿ ಅದ್ದಿದರೂ ನಡೆಯುತ್ತದೆ. ಹೀಟ್ ಗನ್ ಮಾತ್ರ ನನಗೆ ಇಷ್ಟವಿಲ್ಲ, ತೆಳ್ಳನೆ ಕಾಲುಗಳು ಗೊತ್ತಾಗುವ ಮೊದಲೇ ಸೊಟ್ಟಗಾಗುತ್ತವೆ. ಕಾಲುಗಳಿಗೆ ಸೋಪಿನ ನೀರು ಸವರಿ, ನಡುವಿನ ಜೊತೆಯಿಂದ ಶುರು ಮಾಡಿ ಆಮೇಲೆ ತುದಿಗಳಿಗೆ ಹೋದೆ. ಅಂಗೈಯಿಂದ ಒತ್ತಿದರೆ ಟಕ್, ಮತ್ತೊಂದು ಟಕ್. ಐದು ಟಕ್ ಎಣಿಸಿದ ಮೇಲೆ ಸ್ಕ್ರೂ. ಬೆರಳ ತುದಿಯಿಂದ ನಾಲ್ಕೂ ಅಂಚು ಮೇಲೆಳೆದು ನೋಡಿದೆ. ಅಂಚಿಗೆ ಏನೂ ಹಚ್ಚಲಿಲ್ಲ. ಸಂದಿಯಲ್ಲಿ ನೀರು ಹೋಗಲಿ, ಬರಲಿ.

ಆಚೆ ಬದಿಯ ಪ್ಯಾಡ್ ತೆಗೆಯುವಾಗ ಒಂದೂ ಕಾಲು ಮುರಿದಿರಲಿಲ್ಲ, ಅದನ್ನೇ ತೊಳೆದು ವಾಪಸ್ ಹಾಕಿದೆ. ಹಿಂದಿನ ಎರಡನ್ನು ಬಿಚ್ಚಲಿಲ್ಲ. ಬೆಳ್ಳಗಿವೆ, ಆದರೆ ಹಿಡಿತ ಚೆನ್ನಾಗಿದೆ. ನೋಡಲು ಚೆನ್ನಾಗಿಲ್ಲ ಅಂತ ನಾಲ್ಕನ್ನೂ ಒಟ್ಟಿಗೆ ಬದಲಿಸುವವರೂ ಇದ್ದಾರೆ. ನನಗೆ ಅದು ಬೇಕೆನ್ನಿಸಲಿಲ್ಲ. ಎರಡು ಮೂರು ಸಲ ಸೋಪು ಹಾಕಿ ಬ್ರಶ್ಶಿನಿಂದ ತಿಕ್ಕಿ ಪಾಲಿಶ್ ಮಾತ್ರ ತೆಗೆದೆ. ಕೊನೆಗೆ ಶೂ ಒದ್ದೆ ಮಾಡಿಕೊಂಡು, ಬಾಗಿಲ ಹಿಡಿ ಹಿಡಿದು, ನಾನೇ ಹತ್ತಿ ಇಳಿದು ಹತ್ತಿ ಇಳಿದು ನೋಡಿದೆ. ಅಣ್ಣ ದೂರ ನಿಂತು ನಗುತ್ತಿದ್ದ.

ಇದೆಲ್ಲ ಆಗಿ ಏಳು ತಿಂಗಳು. ನಡುವೆ ಒಂದು ಪೂರ್ತಿ ಮಳೆಗಾಲ ಕಳೆದಿದೆ. ಮೊನ್ನೆ ಗಾಡಿ ತೊಳೆದ ಮೇಲೆ ಬಗ್ಗಿ ನೋಡಿದರೆ ಪೈಪಿನ ತಳದ ಎರಡೂ ತೂತುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಎಂ5 ಸ್ಕ್ರೂ ಅರ್ಧ ಸುತ್ತು ಸಡಿಲವಾಗಿತ್ತು. ಬಿಚ್ಚಿ, ಎಳೆಗೆ ಒಂದು ಹನಿ ಥ್ರೆಡ್ ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿ ಮತ್ತೆ ಕೂರಿಸಿದೆ. ಹಾಗೇ ಪ್ಯಾಡಿನ ಮೂಲೆ ತುಸು ಎತ್ತಿ ಟಾರ್ಚ್ ಬಿಟ್ಟೆ. ಕಪ್ಪು ಬಣ್ಣ, ಒಂದಿಷ್ಟು ಧೂಳು, ಒಂದು ಜೇಡ. ಪೆನ್ಸಿಲ್ ಉಜ್ಜಿದ ಕಾಗದ ಮಡಚಿ ಡ್ಯಾಶ್‌ಬೋರ್ಡಿನಲ್ಲಿದೆ, ಹಿಂದಿನ ಪ್ಯಾಡುಗಳ ತೂತುಗಳನ್ನೂ ಅದರ ಬೆನ್ನಿಗೆ ಉಜ್ಜಿಕೊಳ್ಳುವುದು ಬಾಕಿ ಇದೆ.